ಚೆನ್ನಾಗಿ ನುಡಿಸುವವರಿಗೆ ಇನ್ನೇನು ಕಲಿಸುವುದು? ಯಾನೋಷ್ ಸ್ಟಾರ್ಕರ್ ಎಂಬ ಚೆಲ್ಲೊ ಮೇಷ್ಟ್ರ ಪಾಠ

ಕಲಿಯಲು ತಿಣುಕಾಡುವ ಮಗುವಿಗೆ ವಾದ್ಯ ಕಲಿಸುವುದು ಕಷ್ಟ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ತೋರಿಸುವ ಮೊದಲೇ ನುಡಿಸಿಬಿಡುವ ಮಗುವಿಗೆ ಕಲಿಸುವುದು ಅದಕ್ಕಿಂತ ಕಷ್ಟ ಎಂದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ಶ್ರುತಿ ಸರಿಯಿದೆ, ಲಯ ಸರಿಯಿದೆ, ಬೆರಳು ಓಡುತ್ತದೆ, ಕೇಳಿದವರ ಮನಸ್ಸು ತುಂಬುತ್ತದೆ. ಇನ್ನು ಗುರುವಿಗೆ ಉಳಿದ ಕೆಲಸವೇನು? ನಾಲ್ಕು ಕೃತಿ ಹೆಚ್ಚಿಗೆ ಕಲಿಸಿ, ವೇದಿಕೆ ಹತ್ತಿಸಿ, ಬೆನ್ನು ತಟ್ಟಿದರೆ ಆಯಿತಲ್ಲ?

ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆ ನಿಂತ ಚೆಲ್ಲೊ ವಾದಕ ಯಾನೋಷ್ ಸ್ಟಾರ್ಕರ್ (1924–2013) ಈ ಪ್ರಶ್ನೆಗೆ ಕೊಟ್ಟ ಉತ್ತರ ಕೇಳಲು ಅಷ್ಟೇನೂ ಹಿತವಾದದ್ದಲ್ಲ. ಬಾಲಪ್ರತಿಭೆ ಎಂದರೆ, ತಾನು ಹೇಗೆ ಹಾಡುತ್ತಿದ್ದೇನೆ ಎಂದು ತಿಳಿಯದೆ ಹಾಡುವ ಹಕ್ಕಿ ಎನ್ನುವುದು ಅವರ ಅಭಿಪ್ರಾಯ. ಒಂದು ದಿನ ಹಕ್ಕಿಗೆ ಎಚ್ಚರವಾಗುತ್ತದೆ, ಇದನ್ನು ಹೇಗೆ ಮಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ, ಉತ್ತರ ಸಿಗುವುದಿಲ್ಲ. ಬಾಲಪ್ರತಿಭೆಗಳು ಮುರಿದು ಬೀಳುವುದು ಅಲ್ಲಿ. ಆ ದಿನ ಬರುವುದಕ್ಕೆ ಮುಂಚೆಯೇ ಉತ್ತರವನ್ನು ಶಿಷ್ಯರ ಕೈಗೂ ತಲೆಗೂ ಕೊಟ್ಟಿರುವುದೇ ಗುರುವಿನ ಕೆಲಸ ಎಂದು ಸ್ಟಾರ್ಕರ್ ನಂಬಿದ್ದರು. 1958ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಗೀತ ಶಾಲೆ ಸೇರಿದವರು, ಬ್ಲೂಮಿಂಗ್ಟನ್ ಎಂಬ ಆ ಸಣ್ಣ ಊರಿನಲ್ಲಿ ಅರ್ಧ ಶತಮಾನ ಮಾಡಿದ್ದು ಇದನ್ನೇ.

ಈ ಮಾತಿನ ತೂಕ ತಿಳಿಯಬೇಕಾದರೆ ಮೊದಲು ವಾದ್ಯದ ಹತ್ತಿರ ಹೋಗಬೇಕು. ಮದ್ರಾಸಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣವಾದ ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಪಿಟೀಲುಗಳ ಗುಂಪಿನ ಅಡಿಯಲ್ಲಿ ಗಂಡು ದನಿಯಂತೆ ಗುನುಗುವ ನಾದವನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಹೊರಡಿಸುವ ವಾದ್ಯವನ್ನು ಹತ್ತಿರದಿಂದ ಕಂಡವರು ಕಡಿಮೆ.

ವಾದಕ ಕುರ್ಚಿಯಲ್ಲಿ ಕುಳಿತು ಚೆಲ್ಲೊವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಳ್ಳುತ್ತಾನೆ. ಅಡಿಯಲ್ಲಿರುವ ಲೋಹದ ಕಡ್ಡಿ ನೆಲಕ್ಕೆ ಊರಿಕೊಂಡು ವಾದ್ಯದ ಭಾರ ಹೊರುತ್ತದೆ. ನಾಲ್ಕು ತಂತಿಗಳು, ಒಂದಕ್ಕೊಂದು ಷಡ್ಜ ಪಂಚಮ ಸಂಬಂಧದಲ್ಲಿ ಶ್ರುತಿಗೊಂಡಿರುತ್ತವೆ. ತಂತಿಯ ನುಡಿಯುವ ಭಾಗ ಸುಮಾರು 69 ಸೆಂಟಿಮೀಟರ್ ಉದ್ದ, ಪಿಟೀಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಎಲ್ಲ ತೊಡಕು ಹುಟ್ಟುವುದು ಈ ಉದ್ದದಲ್ಲಿ. ತಂತಿಯ ಮೇಲ್ತುದಿಯ ಹತ್ತಿರ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್ ಅಂತರ. ಆದ್ದರಿಂದ ಒಂದೊಂದು ಬೆರಳಿಗೆ ಒಂದೊಂದೇ ಸ್ವರಸ್ಥಾನ. ತೋರುಬೆರಳು ಷಡ್ಜದ ಮೇಲಿದ್ದರೆ ಕಿರುಬೆರಳು ಮುಟ್ಟುವುದು ಸಾಧಾರಣ ಗಾಂಧಾರವನ್ನು. ಕೈಯನ್ನು ಹಿಗ್ಗಿಸಿದರೆ ಅಂತರ ಗಾಂಧಾರ, ಅಷ್ಟೇ. ಪಿಟೀಲಿನಲ್ಲಿ ಅದೇ ಬೆರಳುಗಳು ಆಯಾಸವಿಲ್ಲದೆ ಮಧ್ಯಮ ಮುಟ್ಟುತ್ತವೆ. ಹೀಗಾಗಿ ಚೆಲ್ಲೊದಲ್ಲಿ ಅತ್ಯಂತ ಸರಳವಾದ ಸ್ವರಸಾಲನ್ನು ನುಡಿಸುವುದಕ್ಕೂ ತಂತಿ ಬದಲಿಸಬೇಕು, ಇಲ್ಲವೇ ಇಡೀ ಕೈಯನ್ನು ಕೆಳಕ್ಕೆ ಜಾರಿಸಬೇಕು. ವೀಣೆಗಿರುವಂತೆ ಮೆಟ್ಟುಗಳು ಇದಕ್ಕಿಲ್ಲ. ಜೊತೆಗೆ ಇನ್ನೊಂದು ಕಿರುಕುಳ: ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ ಕಡೆಗೆ ಇಳಿದಷ್ಟೂ ಸ್ವರಸ್ಥಾನಗಳ ನಡುವಿನ ಅಂತರ ಕುಗ್ಗುತ್ತದೆ, ತಾರಷಡ್ಜದ ಬಳಿ ಅದು ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಹೆಬ್ಬೆರಳು ಕತ್ತಿನ ಹಿಂದಿನಿಂದ ಹೊರಬಂದು ತಂತಿಯ ಮೇಲೆಯೇ ಕೂರುತ್ತದೆ, ಕೈಯ ಆಕಾರವೇ ಬೇರೆಯಾಗುತ್ತದೆ.

ಪ್ರತಿಭಾವಂತ ಮಗು ಇದನ್ನೆಲ್ಲ ಲೆಕ್ಕ ಹಾಕಿ ಕಲಿಯುವುದಿಲ್ಲ. ಕಿವಿ ಕೇಳುತ್ತದೆ, ಕೈ ಹೋಗುತ್ತದೆ. ಆದರೆ ಮಕ್ಕಳು ಮೊದಲು ಹಿಡಿಯುವುದು ಪುಟ್ಟ ಚೆಲ್ಲೊ. ಕಾಲು ಅಳತೆ, ಅರ್ಧ ಅಳತೆ, ಮುಕ್ಕಾಲು ಅಳತೆ, ಆಮೇಲೆ ಪೂರ್ಣ ಅಳತೆ, ಹೀಗೆ ಮೈ ಬೆಳೆದಂತೆ ವಾದ್ಯವೂ ಬೆಳೆಯುತ್ತದೆ. ಪ್ರತಿ ಸಲವೂ ಕೈ ಕಲಿತ ಅಂತರಗಳೆಲ್ಲ ಸುಳ್ಳಾಗುತ್ತವೆ. ಒಂಬತ್ತು ವರ್ಷದ ಮಗು ಒಂದು ವಾರದಲ್ಲಿ ಹೊಸ ಅಳತೆಗೆ ಹೊಂದಿಕೊಳ್ಳುತ್ತದೆ. ಹದಿನೈದರಲ್ಲಿ ಕೈಕಾಲು ದಿಢೀರನೆ ಬೆಳೆದು, ಅದೇ ಹೊತ್ತಿಗೆ ನಾಚಿಕೆ ಅಂಜಿಕೆಗಳೂ ಹುಟ್ಟಿಕೊಂಡಾಗ, ಅದೇ ಮಗು ಒದ್ದಾಡುತ್ತದೆ. ನಿನ್ನೆಯವರೆಗೆ ತಾನಾಗಿಯೇ ಆಗುತ್ತಿದ್ದದ್ದು ಇಂದು ಏಕೆ ಆಗುತ್ತಿಲ್ಲ ಎಂದು ಅದಕ್ಕೆ ತಿಳಿಯದು. ತಂದೆತಾಯಿಗೆ ಮೊದಲು ತೋಚುವುದು ಇನ್ನೂ ಎರಡು ಗಂಟೆ ಹೆಚ್ಚು ಸಾಧನೆ ಮಾಡಿಸುವುದು. ಏನು ತಪ್ಪಾಗುತ್ತಿದೆ ಎಂದು ತಿಳಿಯದೆ ಮಾಡಿದ ಹೆಚ್ಚಿನ ಸಾಧನೆ ತಪ್ಪನ್ನೇ ಗಟ್ಟಿಮಾಡುತ್ತದೆ.

ಸ್ಟಾರ್ಕರ್‌ಗೆ ಇದು ಪುಸ್ತಕದ ಜ್ಞಾನವಾಗಿರಲಿಲ್ಲ. ಅವರು ಬುಡಾಪೆಸ್ಟಿನ ಯಹೂದಿ ಕುಟುಂಬದ ಕಿರಿಯ ಮಗ. ಇಬ್ಬರು ಅಣ್ಣಂದಿರು ಪಿಟೀಲು ವಾದಕರು. ಊರಿನ ಸಂಗೀತ ಅಕಾಡೆಮಿಯಲ್ಲಿ ಅಡಾಲ್ಫ್ ಶಿಫರ್ ಅವರ ಶಿಷ್ಯ. ಶಿಫರ್ ಅವರ ಗುರು ಡೇವಿಡ್ ಪಾಪರ್ (1843–1913). ಇಂದಿಗೂ ಜಗತ್ತಿನ ಯಾವ ಚೆಲ್ಲೊ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಲಾಗದ 40 ಕಠಿಣ ಅಭ್ಯಾಸಗಳನ್ನು ಬರೆದಿಟ್ಟವರು ಅವರು. ಸ್ಟಾರ್ಕರ್ ಹದಿನಾಲ್ಕರ ವಯಸ್ಸಿನಲ್ಲಿ, ಕೆಲವೇ ಗಂಟೆಗಳ ಮುಂಚೆ ಕರೆ ಬಂದು, ಚೆಕ್ ಸಂಗೀತಕಾರ ದ್ವೊರ್ಜಾಕರ ಕಾನ್ಚೆರ್ಟೊವನ್ನು, ಅಂದರೆ ಒಬ್ಬ ಮುಖ್ಯ ವಾದಕ ವಾದ್ಯವೃಂದದೊಂದಿಗೆ ನುಡಿಸುವ ದೊಡ್ಡ ಕೃತಿಯನ್ನು, ನುಡಿಸಿದ ಹುಡುಗ. ಅದಕ್ಕಿಂತ ಕುತೂಹಲದ ಸಂಗತಿ, ಹನ್ನೆರಡು ತುಂಬುವ ಹೊತ್ತಿಗೆ ಅವರಿಗೇ ಐವರು ಶಿಷ್ಯರಿದ್ದರು. ಮುಂದಿನದೆಲ್ಲಕ್ಕೆ ಇದೇ ಬೀಜ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಮಗುವಿಗೆ ಹೇಳಿಕೊಡಬೇಕಾದಾಗ ‘ಹೀಗೆ ನುಡಿಸು’ ಎಂದರೆ ಸಾಲದು, ಹೇಗೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ನಂತರ ಬಂದದ್ದು ಯುದ್ಧ. ಡ್ಯಾನ್ಯೂಬ್ ನದಿಯ ಚೆಪೆಲ್ ದ್ವೀಪದ ಬಂಧನ ಶಿಬಿರದಿಂದ ಸ್ಟಾರ್ಕರ್ ಜೀವಸಹಿತ ಹೊರಬಂದರು. ಅಣ್ಣಂದಿರು ಬರಲಿಲ್ಲ, ನಾಜಿಗಳು ಅವರನ್ನು ಕೊಂದಿದ್ದರು. ಯುದ್ಧ ಮುಗಿದ ಮೇಲೆ ಬುಡಾಪೆಸ್ಟ್ ಆಪೆರಾದ ಮುಖ್ಯ ಚೆಲ್ಲೊ ವಾದಕರಾಗಿದ್ದ ಅವರು 1946ರಲ್ಲಿ ದೇಶ ಬಿಟ್ಟರು. ಅವರ ಹಕ್ಕಿಗೆ ಎಚ್ಚರವಾದದ್ದು ಆ ದಿನಗಳಲ್ಲಿ. ಪ್ಯಾರಿಸ್ಸಿನಲ್ಲಿ ಬಹುಕಾಲ ತನ್ನ ಕೈಯ ಮೇಲೇ ನಂಬಿಕೆ ಕಳೆದುಕೊಂಡು, ನುಡಿಸುವುದೆಂದರೆ ದೇಹದಲ್ಲಿ ನಿಜವಾಗಿ ನಡೆಯುವುದೇನು ಎಂದು ಒಂದೊಂದಾಗಿ ಕಳಚಿ ನೋಡಿದರು. ಆ ಪರದಾಟದ ಕೊನೆಗೆ 1948ರಲ್ಲಿ ಹಂಗೆರಿಯ ಸಂಗೀತಕಾರ ಜೋಲ್ತಾನ್ ಕೊಡಾಯ್ ಅವರು ಒಂಟಿ ಚೆಲ್ಲೊಗಾಗಿ ಬರೆದ ಸೊನಾಟಾ ಎಂಬ ಕೃತಿಯ ಧ್ವನಿಮುದ್ರಿಕೆಗೆ ಫ್ರಾನ್ಸಿನ ಗ್ರಾಂಪ್ರಿ ದ್ಯು ಡಿಸ್ಕ್ ಬಹುಮಾನ ಬಂತು. 1915ರ ಈ ಕೃತಿಗಾಗಿ ಕೆಳಗಿನ ಎರಡು ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು. ಅಂದರೆ ಆ ತಂತಿಗಳ ಮೇಲೆ ಬೆರಳಿಗೆ ಗೊತ್ತಿದ್ದ ಎಲ್ಲ ಜಾಗಗಳೂ ಪಲ್ಲಟ. ಹುಟ್ಟರಿವನ್ನೇ ನಂಬಿದವರು ಅಲ್ಲಿ ಎಡವುತ್ತಾರೆ.

ಸ್ವರಕ್ಕೆ ಮುಂಚಿನ ಚಲನೆ

ಪ್ಯಾರಿಸ್ಸಿನಲ್ಲಿ ಕಂಡುಕೊಂಡದ್ದೇ ಮುಂದೆ ಬ್ಲೂಮಿಂಗ್ಟನ್ನಿನ ಪಾಠವಾಯಿತು. ಅದರಲ್ಲಿ ಮೊದಲನೆಯದು ಕುಳಿತುಕೊಳ್ಳುವುದು. ಅಷ್ಟೇನಾ ಎನ್ನಿಸಬಹುದು. ದೇಶವಿದೇಶಗಳ ಸ್ಪರ್ಧೆ ಗೆದ್ದು ಬಂದ ಹುಡುಗನಿಗೆ ಕುರ್ಚಿಯಲ್ಲಿ ಕೂರುವುದನ್ನು ಹೇಳಿಕೊಡುತ್ತಾರೆಂದರೆ ಅವಮಾನವಾದೀತು. ಆದರೆ ಹೆಗಲು ಒಂದಿಷ್ಟು ಮೇಲೆದ್ದಿದ್ದರೆ ತೋಳು ಬಿಗಿಯುತ್ತದೆ, ತೋಳು ಬಿಗಿದರೆ ಮಣಿಕಟ್ಟು, ಮಣಿಕಟ್ಟು ಬಿಗಿದರೆ ನಾದ. ಕೊಡ ಎತ್ತುವವರು ಬೆರಳಿನ ಬಲದಿಂದ ಎತ್ತುವುದಿಲ್ಲ. ಸೊಂಟ ಬೆನ್ನುಗಳ ಬಲ ತೋಳಿನಲ್ಲಿ ಹರಿದು ಬರುತ್ತದೆ, ಬೆರಳು ಕೊಡವನ್ನು ಹಿಡಿದಿರುತ್ತದೆ ಅಷ್ಟೇ. ಸ್ಟಾರ್ಕರ್ ಕಮಾನಿನ ಬಗ್ಗೆ ಹೇಳುತ್ತಿದ್ದದ್ದೂ ಇದೇ. ಬಲ ಬೆನ್ನಿನಿಂದ ಬರಬೇಕು. ಬೆರಳಿನಿಂದ ಒತ್ತಿ ದೊಡ್ಡ ನಾದ ತೆಗೆಯುವವರಿಗೆ ಮೂವತ್ತು ದಾಟಿದ ಮೇಲೆ ನೋವು ಶುರುವಾಗುತ್ತದೆ. ಇಪ್ಪತ್ತರ ಹುಡುಗರಿಗೆ ಇದನ್ನು ನಂಬಿಸುವುದು ಕಷ್ಟ, ಏಕೆಂದರೆ ಅವರಿಗೆ ಇನ್ನೂ ನೋವಿಲ್ಲ.

ಕಮಾನಿನ ಕೆಲಸದಲ್ಲಿ ಮೂರು ಸಂಗತಿಗಳಿವೆ: ಎಷ್ಟು ವೇಗ, ಎಷ್ಟು ಭಾರ, ಕುದುರೆಯಿಂದ ಎಷ್ಟು ದೂರ. ಒಂದನ್ನು ಬದಲಿಸಿದರೆ ಉಳಿದೆರಡನ್ನೂ ಹೊಂದಿಸಬೇಕು. ಕುದುರೆಯ ಹತ್ತಿರ ನಿಧಾನವಾಗಿ, ಭಾರ ಬಿಟ್ಟು ಎಳೆದರೆ ಗಟ್ಟಿ ನಾದ; ಅಲ್ಲೇ ವೇಗವಾಗಿ, ಹಗುರವಾಗಿ ಎಳೆದರೆ ಸಿಳ್ಳೆ. ಕೆಳಗಿನ ದಪ್ಪ ತಂತಿ ಬಾಯಿ ಬಿಡುವುದಕ್ಕೇ ಸಮಯ ತೆಗೆದುಕೊಳ್ಳುತ್ತದೆ. ತಾಳದ ಪೆಟ್ಟಿಗೆ ಸರಿಯಾಗಿ ನಾದ ಕೇಳಿಸಬೇಕಾದರೆ ಕಮಾನು ಅದಕ್ಕಿಂತ ಕೂದಲೆಳೆಯಷ್ಟು ಮುಂಚೆ ತಂತಿಯನ್ನು ಹಿಡಿದಿರಬೇಕು.

ಈ ಮುಂಚೆ ಎನ್ನುವುದೇ ಸ್ಟಾರ್ಕರ್ ಪಾಠದ ನಡುಗಂಬ. ಅವರ ದೃಷ್ಟಿಯಲ್ಲಿ ಸ್ವರ ಎನ್ನುವುದು ಒಂದು ಚಲನೆಯ ಕೊನೆ. ತಪ್ಪು ಕೇಳಿಸುವುದು ಸ್ವರದಲ್ಲಿ, ಆಗಿರುವುದು ಅದಕ್ಕೆ ಮುಂಚಿನ ಚಲನೆಯಲ್ಲಿ. ಎಡಗೈ ಮೇಲಿನಿಂದ ಕೆಳಕ್ಕೆ ಜಾರುವ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೈ ಒಂದು ಜಾಗದಿಂದ ಹೊರಟು ಇನ್ನೊಂದನ್ನು ಮುಟ್ಟಲು ಒಂದಿಷ್ಟು ಹೊತ್ತು ಬೇಕು. ಆ ಹೊತ್ತನ್ನು ಯಾವ ಸ್ವರದಿಂದ ಕಡ ತರುವುದು? ಹಿಂದಿನ ಸ್ವರದ ಕೊನೆಯಲ್ಲಿ, ಹಿಂದಿನ ಕಮಾನೆಳೆತ ನಡೆದಿರುವಾಗಲೇ ಕೈ ಹೊರಟರೆ ಒಂದು ಬಗೆ. ಕಮಾನು ದಿಕ್ಕು ಬದಲಿಸಿದ ಮೇಲೆ, ಹೊಸ ಎಳೆತದ ಆರಂಭದಲ್ಲಿ ಕೈ ಜಾರಿದರೆ ಇನ್ನೊಂದು ಬಗೆ. ಮೊದಲನೆಯದರಲ್ಲಿ ಹೊಸ ಸ್ವರ ಚೊಕ್ಕವಾಗಿ ಹುಟ್ಟುತ್ತದೆ. ಎರಡನೆಯದರಲ್ಲಿ ಅದು ಜಾರಿಕೊಂಡು, ಒಂದಿಷ್ಟು ಕೊಂಡಾಟ ಮಾಡಿಕೊಂಡು ಬರುತ್ತದೆ. ಎರಡೂ ಸರಿ. ಯಾವುದನ್ನು ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಮಾಡುವುದು ಮಾತ್ರ ಸ್ಟಾರ್ಕರ್ ತರಗತಿಯಲ್ಲಿ ತಪ್ಪು.

ಕರ್ನಾಟಕ ಸಂಗೀತ ಕೇಳುವವರಿಗೆ ಇದು ತಟ್ಟನೆ ಅರ್ಥವಾಗಬೇಕು. ಜಾರು ನಮ್ಮಲ್ಲಿ ಗಮಕದ ಒಂದು ಬಗೆ, ಬೇಕೆಂದೇ ಹಾಕುವಂಥದ್ದು. ಚೆಲ್ಲೊದಲ್ಲಿ ಅದು ಮೊದಲು ಅನಿವಾರ್ಯತೆ, ಆಮೇಲೆ ಅಲಂಕಾರ. ಅನಿವಾರ್ಯವಾದ ಜಾರನ್ನು ಅಡಗಿಸುವುದು, ಅಲಂಕಾರದ ಜಾರನ್ನು ಕೇಳಿಸುವುದು, ಈ ಎರಡನ್ನೂ ಬೇರೆಬೇರೆಯಾಗಿ ಕಲಿಯಬೇಕು. ಸಹಜ ಪ್ರತಿಭೆಯ ಹುಡುಗರು ಇವನ್ನು ಬೆರೆಸಿಬಿಟ್ಟಿರುತ್ತಾರೆ. ಕೇಳುವವರಿಗೆ ಅದು ಭಾವತುಂಬಿದ ನುಡಿಕೆ ಎನ್ನಿಸುತ್ತದೆ, ಮೇಷ್ಟ್ರಿಗೆ ಅಲ್ಲಿ ಕೈಯ ಸೋಮಾರಿತನ ಕಾಣಿಸುತ್ತದೆ. ಈ ಎಲ್ಲ ಚಲನೆಗಳನ್ನು ಬಿಡಿಸಿಟ್ಟು ಎಡಗೈಗಾಗಿ ಅವರು 1961ರಲ್ಲಿ ಪ್ರಕಟಿಸಿದ ಅಭ್ಯಾಸಗಳ ಪುಸ್ತಕದಲ್ಲಿ ರಾಗರಸ ಹುಡುಕಿದರೆ ಸಿಗುವುದಿಲ್ಲ. ಸಾಲು ಸಾಲು ಬೆರಳ ಜೋಡಣೆಗಳು, ಅಷ್ಟೇ.

ಮೆಚ್ಚುಗೆ ಎಷ್ಟು, ಮೌನ ಎಷ್ಟು

ಸ್ಟಾರ್ಕರ್ ವೇದಿಕೆಯ ಮೇಲೆ ಮುಖದ ಒಂದು ಗೆರೆಯನ್ನೂ ಅಲುಗಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ತಲೆ ತೂಗುವುದು, ಕಮಾನನ್ನು ಗಾಳಿಯಲ್ಲಿ ಬೀಸುವುದು ಅವರಿಗೆ ಆಗುತ್ತಿರಲಿಲ್ಲ. ಭಾವ ನಾದದಲ್ಲಿರಲಿ, ಹುಬ್ಬಿನಲ್ಲಿ ಬೇಡ ಎನ್ನುವ ಪೈಕಿ. ತರಗತಿಯಲ್ಲೂ ಹಾಗೆಯೇ. ನಿಷ್ಠುರ, ಚುರುಕು ನಾಲಗೆ, ಬೆರಳ ನಡುವೆ ಸಿಗರೇಟು. ಅವರ ಬಳಿ ಕಲಿತವರ ನೆನಪುಗಳಲ್ಲಿ ಹೆದರಿಕೆ ಮತ್ತು ಕೃತಜ್ಞತೆ ಒಟ್ಟೊಟ್ಟಿಗೆ ಬರುತ್ತವೆ.

ಇದೊಂದೇ ದಾರಿಯೇ? ಖಂಡಿತ ಅಲ್ಲ. ಇಪ್ಪತ್ತನೆಯ ಶತಮಾನದ ಚೆಲ್ಲೊ ಗುರುಗಳನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬರ ಹಾಗೆ ಇನ್ನೊಬ್ಬರಿಲ್ಲ.

ಕ್ಯಾಟಲೋನಿಯಾದ ಪಾಬ್ಲೊ ಕಸಾಲ್ಸ್ (1876–1973) ಅವರಿಂದಲೇ ಶುರುಮಾಡಬೇಕು, ಏಕೆಂದರೆ ಆಧುನಿಕ ಚೆಲ್ಲೊ ವಾದನದ ಎರಡೂ ಕೈಗಳನ್ನು ಬಿಡಿಸಿದವರು ಅವರು. ಅವರ ಬಾಲ್ಯದಲ್ಲಿ ಬಲತೋಳು ದೇಹಕ್ಕೆ ಅಂಟಿಕೊಂಡಿರಲೆಂದು ವಿದ್ಯಾರ್ಥಿಗಳ ಕಂಕುಳಲ್ಲಿ ಪುಸ್ತಕ ಸಿಕ್ಕಿಸುತ್ತಿದ್ದರಂತೆ. ಹುಡುಗ ಕಸಾಲ್ಸ್ ಆ ಪುಸ್ತಕವನ್ನು ಬೀಳಿಸಿದ್ದೇ ಒಂದು ಕ್ರಾಂತಿ. ಅವರ ಕಲಿಸುವ ರೀತಿಯ ಬಗ್ಗೆ ಅಮೆರಿಕದ ವಾದಕ ಬರ್ನಾರ್ಡ್ ಗ್ರೀನ್‌ಹೌಸ್ ಹೇಳುತ್ತಿದ್ದ ಕಥೆಯನ್ನು ಚೆಲ್ಲೊ ಲೋಕದಲ್ಲಿ ಕೇಳದವರಿಲ್ಲ. ಯುದ್ಧ ಮುಗಿದ ಮೇಲೆ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಡಳಿತವನ್ನು ಧಿಕ್ಕರಿಸಿ ಫ್ರಾನ್ಸಿನ ಪ್ರಾಡ್ ಊರಿನಲ್ಲಿ ನೆಲೆಸಿದ್ದ ಕಸಾಲ್ಸ್ ಬಳಿಗೆ ಗ್ರೀನ್‌ಹೌಸ್ ಹೋದರು. ಜರ್ಮನಿಯ ಸಂಗೀತಕಾರ ಬಾಖ್ ಒಂಟಿ ಚೆಲ್ಲೊಗಾಗಿ ಬರೆದ ಸೂಟ್ ಎಂಬ ನೃತ್ಯಮಾಲಿಕೆಗಳಲ್ಲಿ ಎರಡನೆಯದರ ಪಾಠ. ಕಸಾಲ್ಸ್ ಒಂದೊಂದು ಕಮಾನೆಳೆತವನ್ನೂ, ಒಂದೊಂದು ಬೆರಳನ್ನೂ ತನ್ನ ಹಾಗೆಯೇ ನುಡಿಸುವಂತೆ ಒತ್ತಾಯಿಸಿದರು. ವಾರಗಟ್ಟಲೆ ಇದೇ. ಗ್ರೀನ್‌ಹೌಸ್‌ಗೆ ದಿಗಿಲು, ತಾನೊಂದು ಕಳಪೆ ಪ್ರತಿಯಾಗಿಬಿಡುತ್ತೇನೆಯೇ ಎಂದು. ಕೊನೆಗೆ ಇಬ್ಬರೂ ಒಟ್ಟಿಗೆ ನುಡಿಸಿದರೆ ವ್ಯತ್ಯಾಸವೇ ತಿಳಿಯದಷ್ಟು ಹೊಂದಿಕೆಯಾಯಿತು. ಆಗ ಕಸಾಲ್ಸ್, ಸುಮ್ಮನೆ ಕೂತು ಕೇಳು ಎಂದು, ಅದೇ ಸೂಟನ್ನು ಆರಂಭದಿಂದ ಕೊನೆಯವರೆಗೆ ನುಡಿಸಿದರು. ಎಲ್ಲ ಬೆರಳೂ ಬೇರೆ, ಎಲ್ಲ ಎಳೆತವೂ ಬೇರೆ. ಬಾಖ್ ಅವರನ್ನು ನುಡಿಸುವಾಗ ಮನೋಧರ್ಮ ಹೇಗೆ ಕೆಲಸ ಮಾಡಬೇಕೆಂದು ಈಗ ನೀನು ಕಲಿತೆ ಎಂಬರ್ಥದ ಮಾತು ಹೇಳಿ ಪಾಠ ಮುಗಿಸಿದರು.

ಮೇಲ್ನೋಟಕ್ಕೆ ಇದು ಸ್ಟಾರ್ಕರ್ ದಾರಿಗೆ ತದ್ವಿರುದ್ಧ. ಸ್ಟಾರ್ಕರ್ ಕಾರಣ ಕೇಳುತ್ತಾರೆ, ಕಸಾಲ್ಸ್ ಅನುಕರಿಸು ಎನ್ನುತ್ತಾರೆ. ಆದರೆ ತಲುಪುವ ಜಾಗ ಒಂದೇ: ಶಿಷ್ಯನಿಗೆ ತನ್ನ ಪ್ರತಿಯೊಂದು ಚಲನೆಯೂ ಒಂದು ಆಯ್ಕೆ ಎಂದು ತಿಳಿಯಬೇಕು. ಕಸಾಲ್ಸ್ ರೀತಿಯಲ್ಲಿ ಅಪಾಯ ಹೆಚ್ಚು. ಕೊನೆಯ ದಿನದ ಆ ಪಾಠ ಸಿಗುವ ಮೊದಲೇ ಊರಿಗೆ ಹೊರಟ ಶಿಷ್ಯನ ಗತಿ ಏನು?

ಮಾಸ್ಕೋದಲ್ಲಿ ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್ (1927–2007) ಇನ್ನೊಂದೇ ಲೋಕ. ಅಲ್ಲಿನ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿನ 19ನೆಯ ಕೊಠಡಿಯಲ್ಲಿ ಅವರ ತರಗತಿ, ಸುತ್ತ ಕೇಳುಗರು. ಜಗತ್ತಿನ ಅಗ್ರ ಚೆಲ್ಲೊ ವಾದಕ ತರಗತಿಯಲ್ಲಿ ಚೆಲ್ಲೊ ಮುಟ್ಟುತ್ತಿದ್ದದ್ದು ಅಪರೂಪ. ಪಿಯಾನೊ ಮುಂದೆ ಕುಳಿತು ವಾದ್ಯವೃಂದದ ಭಾಗವನ್ನೆಲ್ಲ ತಾವೇ ನುಡಿಸುತ್ತ, ಕೂಗುತ್ತ, ಕಥೆ ಕಟ್ಟುತ್ತ ಶಿಷ್ಯರನ್ನು ಎಳೆದುಕೊಂಡು ಹೋಗುತ್ತಿದ್ದರು. ತಾನು ಚೆಲ್ಲೊ ನುಡಿಸಿ ತೋರಿಸಿದರೆ ಹುಡುಗರು ಅದನ್ನೇ ನಕಲು ಮಾಡುತ್ತಾರೆ ಎಂಬ ಎಚ್ಚರ ಅದರ ಹಿಂದಿತ್ತು. ನತಾಲಿಯಾ ಗುಟ್ಮನ್, ಡೇವಿಡ್ ಗೆರಿಂಗಾಸ್, ಮಿಶಾ ಮೈಸ್ಕಿ ಆ ಕೊಠಡಿಯಿಂದ ಬಂದವರು.

ಇಂಗ್ಲೆಂಡಿನ ಜಾಕ್ವೆಲಿನ್ ದು ಪ್ರೆ 1966ರಲ್ಲಿ ಅಲ್ಲಿಗೆ ಹೋಗಿ ಕಲಿತರು. ಆದರೆ ಅವರನ್ನು ಹತ್ತನೆಯ ವಯಸ್ಸಿನಿಂದ ಬೆಳೆಸಿದವರು ಲಂಡನ್ನಿನ ವಿಲಿಯಂ ಪ್ಲೀತ್. ಆ ಹುಡುಗಿಯೊಳಗಿನ ಬೆಂಕಿಗೆ ನೀರು ಸುರಿಯದೆ, ಅದಕ್ಕೆ ಒಲೆ ಕಟ್ಟಿಕೊಟ್ಟ ಗುರು. ದು ಪ್ರೆ ಎಲ್ಲರ ಬಳಿಯೂ ಹೋದರು, ಕಸಾಲ್ಸ್, ಪಾಲ್ ತೊರ್ತೆಲಿಯೆ, ರೊಸ್ತ್ರೊಪೊವಿಚ್. ಕೊನೆಯವರೆಗೂ ‘ನನ್ನ ಗುರು’ ಎಂಬ ಜಾಗ ಪ್ಲೀತ್ ಅವರದೇ ಆಗಿತ್ತು. ಹೆಸರಾಂತ ವಾದಕರು ಊರೂರಿನಲ್ಲಿ ನಡೆಸುವ ಮಾಸ್ಟರ್‌ಕ್ಲಾಸ್‌ಗಳನ್ನು ಕಂಡು ಬೆರಗಾಗುವವರು ಇದನ್ನು ಗಮನಿಸಬೇಕು. ಸಭಿಕರ ಮುಂದೆ ಅರ್ಧ ಮುಕ್ಕಾಲು ಗಂಟೆ ನಡೆಯುವ ಪಾಠದಲ್ಲಿ ಅರ್ಧ ಪಾಲು ನಾಟಕವೇ. ಒಂದು ಒಳನೋಟ ಸಿಕ್ಕೀತು, ಅದೂ ದೊಡ್ಡದೇ. ಮೈಯ ಅಭ್ಯಾಸ ಬದಲಾಗುವುದು ವಾರವಾರದ, ಯಾರೂ ನೋಡದ ಪಾಠಗಳಲ್ಲಿ.

ಮೆಚ್ಚುಗೆಯ ಬಗ್ಗೆಯೂ ಒಂದು ಕಥೆಯಿದೆ. ಚೆಲ್ಲೊ ವಾದಕ ಗ್ರೆಗರ್ ಪ್ಯಾಟಿಗೊರ್ಸ್ಕಿ ಆತ್ಮಕಥೆಯಲ್ಲಿ ಬರೆದುಕೊಂಡದ್ದು. ಅವರು ಯುವಕರಾಗಿದ್ದಾಗ ಬರ್ಲಿನ್ನಿನಲ್ಲಿ ಕಸಾಲ್ಸ್ ಎದುರು ನುಡಿಸಬೇಕಾಗಿ ಬಂತು. ಅಂಜಿಕೆಗೆ ಕೈ ನಡುಗಿ ಎಲ್ಲವೂ ಹದಗೆಟ್ಟಿತು. ಕಸಾಲ್ಸ್ ಭಲೇ ಎಂದು ಹೊಗಳಿ ಅಪ್ಪಿಕೊಂಡರು. ಪ್ಯಾಟಿಗೊರ್ಸ್ಕಿಗೆ ಈ ಸುಳ್ಳು ಹೊಗಳಿಕೆ ಚುಚ್ಚಿತು. ವರ್ಷಗಳ ನಂತರ ಸ್ನೇಹ ಬೆಳೆದ ಮೇಲೆ ನೇರವಾಗಿ ಕೇಳಿಯೇಬಿಟ್ಟರು. ಕಸಾಲ್ಸ್ ಸಿಟ್ಟಿನಿಂದ ಚೆಲ್ಲೊ ತೆಗೆದುಕೊಂಡು, ಅಂದು ಆ ಸಾಲಿಗೆ ನೀನು ಈ ಬೆರಳು ಬಳಸಿದ್ದೆಯಲ್ಲವೇ, ಅದು ನನಗೆ ಹೊಸದಾಗಿತ್ತು, ಇಲ್ಲಿ ಕಮಾನನ್ನು ಹೀಗೆ ಎಳೆದೆಯಲ್ಲವೇ ಎಂದು ಒಂದೊಂದನ್ನೂ ನುಡಿಸಿ ತೋರಿಸಿದರು. ತಪ್ಪುಗಳನ್ನು ಎಣಿಸಿ ಅಳೆಯುವ ಕೆಲಸ ಅಜ್ಞಾನಿಗಳಿಗಿರಲಿ, ನನಗೆ ಒಂದು ಸಾಲು ಚೆನ್ನಾಗಿದ್ದರೂ ಕೃತಜ್ಞತೆ ಹುಟ್ಟುತ್ತದೆ ಎಂದರಂತೆ. ಮುಂದೆ ಲಾಸ್ ಏಂಜಲೀಸ್‌ನಲ್ಲಿ ಕಲಿಸಿದ ಪ್ಯಾಟಿಗೊರ್ಸ್ಕಿ ತಾವೂ ಧಾರಾಳ ಮನಸ್ಸಿನ ಗುರುವೆಂದೇ ಹೆಸರಾದರು.

ಹಾಗಾದರೆ ಸ್ಟಾರ್ಕರ್ ನಿಷ್ಠುರತೆಗೆ ಏನು ಸಮರ್ಥನೆ? ಕಸಾಲ್ಸ್ ಹೊಗಳಿಕೆಯನ್ನು ಇನ್ನೊಮ್ಮೆ ನೋಡಿ. ಹತ್ತಾರು ತಪ್ಪುಗಳ ನಡುವೆ ಒಂದು ಬೆರಳ ಜೋಡಣೆಯನ್ನು ವರ್ಷಗಟ್ಟಲೆ ನೆನಪಿಟ್ಟಿದ್ದರು ಅವರು. ಅಷ್ಟು ಗಮನವಿಟ್ಟು ಕೇಳಿದವರ ಮೆಚ್ಚುಗೆಗೂ, ಅಷ್ಟೇ ಗಮನವಿಟ್ಟು ಕೇಳಿದವರ ಟೀಕೆಗೂ ಶಿಷ್ಯನ ಪಾಲಿಗೆ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನ್ನ ಅನಿಸಿಕೆ. ಸ್ಟಾರ್ಕರ್ ಅವರದು ಎರಡನೆಯ ಜಾತಿ. ನಿಷ್ಠುರತೆಯನ್ನಷ್ಟೇ ಕಲಿತು ಗಮನವನ್ನು ಕಲಿಯದ ಮೇಷ್ಟ್ರುಗಳು ಎಲ್ಲ ಸಂಗೀತಗಳಲ್ಲೂ ಇದ್ದಾರೆ. ಅವರ ವಿಷಯ ಬೇರೆ.

ಎಲ್ಲರೂ ತಾರೆಯಾಗಲಾರರು

ಪ್ರತಿಭೆಗೆ ದುಡ್ಡೂ ಬೇಕು, ಇದನ್ನು ಹೇಳದೆ ದಾಟುವಂತಿಲ್ಲ. ವಾದ್ಯ, ಪಾಠ, ಪ್ರಯಾಣ ಯಾವುದೂ ಅಗ್ಗವಲ್ಲ. ಪೋರ್ಚುಗಲ್ಲಿನ ಗಿಲ್ಯೆರ್ಮಿನಾ ಸುಜ್ಜಿಯಾ, ಚೆಲ್ಲೊ ನುಡಿಸಿ ಜಗತ್ತು ಸುತ್ತಿದ ಮೊದಲ ಮಹಿಳೆಯರಲ್ಲೊಬ್ಬರು, 1950ರಲ್ಲಿ ತೀರಿಕೊಂಡಾಗ ತಮ್ಮ ಬೆಲೆಬಾಳುವ ಹಳೆಯ ಸ್ಟ್ರಾಡಿವೇರಿಯಸ್ ಚೆಲ್ಲೊವನ್ನು ಮಾರಿ ಎಳೆಯ ವಾದಕರಿಗೆ ನೆರವಾಗುವ ನಿಧಿ ಮಾಡಬೇಕೆಂದು ಬರೆದಿಟ್ಟಿದ್ದರು. 1956ರಲ್ಲಿ ಆ ನೆರವು ಸಿಕ್ಕಿದ್ದು ಹನ್ನೊಂದು ವರ್ಷದ ದು ಪ್ರೆಗೆ. ಪ್ಲೀತ್ ಅವರ ಪಾಠಗಳು ನಿಲ್ಲದೆ ನಡೆದದ್ದು ಅದರಿಂದ.

ಸ್ಟಾರ್ಕರ್ ಸ್ವತಃ ಬೇರೆ ದಾರಿಯಲ್ಲಿ ಹೊಟ್ಟೆ ಹೊರೆದರು. 1948ರಲ್ಲಿ ಅಮೆರಿಕಕ್ಕೆ ಬಂದಾಗ ಅವರು ಸೇರಿದ್ದು ಡಲ್ಲಾಸ್ ವಾದ್ಯವೃಂದ. ಅಲ್ಲಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ, ಆಮೇಲೆ 1953ರಿಂದ ಶಿಕಾಗೊ ಸಿಂಫನಿ. ಎಲ್ಲೆಡೆ ಚೆಲ್ಲೊ ಸಾಲಿನ ಮುಖ್ಯಸ್ಥ. ಹತ್ತು ವರ್ಷ ದಿನನಿತ್ಯ ತಾಲೀಮು, ರಾತ್ರಿ ಕಛೇರಿ, ಇನ್ನೊಬ್ಬರ ಕೈಸನ್ನೆಗೆ ನುಡಿಸುವ ಕೆಲಸ. ಅವರ ಪಾಠದ ಬಹುಮುಖ್ಯ ಭಾಗ ಇಲ್ಲಿಂದ ಬಂದದ್ದು. ಮೈ ಸರಿಯಿಲ್ಲದ ದಿನವೂ, ಮನಸ್ಸು ಕೆಟ್ಟ ದಿನವೂ, ತಣ್ಣನೆಯ ಸಭಾಂಗಣದಲ್ಲೂ ಒಂದು ಮಟ್ಟಕ್ಕಿಂತ ಕೆಳಗಿಳಿಯದೆ ನುಡಿಸುವವರನ್ನು ಅವರು ವೃತ್ತಿಪರರೆಂದು ಕರೆಯುತ್ತಿದ್ದರು. ಸ್ಫೂರ್ತಿ ಬಂದ ದಿನ ಎಲ್ಲರೂ ಚೆನ್ನಾಗಿಯೇ ನುಡಿಸುತ್ತಾರೆ.

ಚೆಲ್ಲೊ ಕಾನ್ಚೆರ್ಟೊಗಳನ್ನು ನುಡಿಸುತ್ತ ಊರೂರು ಸುತ್ತಿ ಬದುಕಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಪ್ರತಿಭಾವಂತರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅವರೆಲ್ಲರನ್ನೂ ತಾರೆಯಾಗಿಸುವ ಕನಸು ಮಾರಿ ಕಲಿಸುವುದು ಒಂದು ಬಗೆಯ ಮೋಸ. ಸ್ಟಾರ್ಕರ್ ತಮ್ಮ ಶಿಷ್ಯರನ್ನು ವಾದ್ಯವೃಂದಕ್ಕೆ, ಚತುರ್ವಾದ್ಯ ಮೇಳಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಪಾಠ ಹೇಳುವುದಕ್ಕೆ ಸಿದ್ಧ ಮಾಡಿದರು. ತಾನು ಹುಟ್ಟಿರುವುದೇ ಕಲಿಸುವುದಕ್ಕೆ ಎಂದು ಹೇಳಿಕೊಳ್ಳುತ್ತಿದ್ದ, ಬಾಖ್ ಸೂಟ್‌ಗಳ ಧ್ವನಿಮುದ್ರಿಕೆಗೆ 1998ರಲ್ಲಿ ಗ್ರ್ಯಾಮಿ ಪಡೆದ ಮೇಲೂ ತರಗತಿಯನ್ನು ಬಿಡದ ಮನುಷ್ಯನಿಂದ ಬೇರೆ ಏನನ್ನು ನಿರೀಕ್ಷಿಸುವುದು? ಜಪಾನಿನ ತ್ಸುಯೋಶಿ ತ್ಸುತ್ಸುಮಿ 1963ರಲ್ಲಿ ಬುಡಾಪೆಸ್ಟಿನ ಕಸಾಲ್ಸ್ ಸ್ಪರ್ಧೆ ಗೆದ್ದರು. ಮುಂದೆ ತೋಹೋ ಗಾಕುಯೆನ್ ಸಂಗೀತ ಶಾಲೆಯ ಮುಖ್ಯಸ್ಥರಾದರು. ಜರ್ಮನಿಯ ಮಾರಿಯಾ ಕ್ಲೀಗಲ್ 1981ರಲ್ಲಿ, ಗ್ಯಾರಿ ಹಾಫ್‌ಮನ್ 1986ರಲ್ಲಿ ಗೆದ್ದದ್ದು ರೊಸ್ತ್ರೊಪೊವಿಚ್ ಹೆಸರಿನ ಸ್ಪರ್ಧೆಯನ್ನು. ಕಲ್ಲುಮುಖದ ಮೇಷ್ಟ್ರ ಶಿಷ್ಯರು ಬೆಂಕಿಯಂಥ ವಾದಕನ ಹೆಸರಿನ ಬಹುಮಾನ ಎತ್ತಿಕೊಂಡು ಬಂದದ್ದು ನನಗಂತೂ ಬಲು ಇಷ್ಟದ ಸಂಗತಿ. ಕ್ಲೀಗಲ್ ಕಲೋನ್‌ನಲ್ಲಿ ದಶಕಗಳ ಕಾಲ ಪಾಠ ಹೇಳಿದರು.

ಇದನ್ನೆಲ್ಲ ಓದಿ ಕಿವಿಯಿಂದ ಪರೀಕ್ಷಿಸಬೇಕೆನ್ನುವವರಿಗೆ ಅಂತರಜಾಲದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಕಸಾಲ್ಸ್ 1960ರಲ್ಲಿ ಬರ್ಕ್ಲಿಯಲ್ಲಿ ನಡೆಸಿದ ತರಗತಿಗಳ ಚಿತ್ರೀಕರಣವಿದೆ. ಅದರಲ್ಲಿ ಮುದುಕ ಎಷ್ಟು ಬಾರಿ ಹಾಡಿ ತೋರಿಸುತ್ತಾರೆ, ಎಷ್ಟು ಬಾರಿ ನುಡಿಸಿ ತೋರಿಸುತ್ತಾರೆ ಎಂದು ಗಮನಿಸಿ. ಸ್ಟಾರ್ಕರ್ ನುಡಿಸಿದ ಕೊಡಾಯ್ ಸೊನಾಟಾವನ್ನು ಮೊದಲು ಕಣ್ಣು ಮುಚ್ಚಿ ಕೇಳಿ. ಆಮೇಲೆ ಅವರು ಏನಾದರೂ ನುಡಿಸುವ ವೀಡಿಯೊ ಹುಡುಕಿ, ದನಿ ಆರಿಸಿ ನೋಡಿ. ಎಡಗೈಯ ಬೆರಳುಗಳನ್ನು ನೋಡಬೇಡಿ, ಮೊಣಕೈಯನ್ನು ನೋಡಿ. ಬೆರಳು ಹೊರಡುವುದಕ್ಕೆ ಮೊದಲೇ ಅದು ಹೊರಟಿರುತ್ತದೆ.